ಹಿತ್ತಲಿನ ಬಿಲ್ಲುಗಾರಿಕೆಗೆ ಯಾವ ಗುರಿ: ಚಿಂದಿ ಚೀಲವೋ, ರಟ್ಟಿನ ಅಟ್ಟಿಯೋ, ಹುಲ್ಲಿನ ಪೆಂಡಿಯೋ?

ಅಂಗಡಿಯ ಫೋಮ್ ಟಾರ್ಗೆಟ್ ತರಿಸದೆ ಮನೆಯಲ್ಲೇ ಗುರಿ ಕಟ್ಟಿಕೊಳ್ಳಬೇಕೆನ್ನುವವರಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಸುಲಭಕ್ಕೆ ಸಿಗುವ ಸಾಮಾನು ಮೂರು: ದರ್ಜಿ ಅಂಗಡಿಯ ಚಿಂದಿ, ರದ್ದಿ ಅಂಗಡಿಯ ರಟ್ಟು, ಹೊಲದ ಹುಲ್ಲು. ಮೂರನ್ನೂ 28 ಪೌಂಡಿನ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿದ್ದು) ಮತ್ತು 50 ಪೌಂಡಿನ ಕಾಂಪೌಂಡ್ ಬಿಲ್ಲಿನಿಂದ (ತುದಿಗಳಲ್ಲಿ ರಾಟೆ ಇರುವುದು) 5, 10, 18 ಮೀಟರಿನಲ್ಲಿ ಹೊಡೆದು ನೋಡಿದ್ದೇವೆ. ಪೌಂಡು ಎಂದರೆ ಹೆದೆ ಎಳೆಯಲು ಬೇಕಾಗುವ ಬಲ. ಹೊಸಬರಿಗೆ ಚಿಂದಿ ಚೀಲವೇ ಸರಿ. ಸೂರಿನ ಕೆಳಗೆ ಜಾಗವಿದ್ದು, ಅಂಕ ಎಣಿಸಿ ಅಭ್ಯಾಸ ಮಾಡುವವರು ರಟ್ಟಿಗೆ ಹೋಗಬಹುದು. ಹುಲ್ಲು ತೋಟದ ಮನೆಗೆ ಮಾತ್ರ, ಅದೂ ಒಂದು ಷರತ್ತಿನ ಮೇಲೆ.

ಬಾಣ ನಿಲ್ಲುವುದು ತಿಕ್ಕಾಟದಿಂದ. ಒಳಗಿನ ವಸ್ತು ಶಾಫ್ಟನ್ನು (ಬಾಣದ ಕಡ್ಡಿಯನ್ನು) ಸುತ್ತಲಿಂದ ಒತ್ತಿ ಹಿಡಿದಷ್ಟೂ ಅದು ಬೇಗ ನಿಲ್ಲುತ್ತದೆ. ಗಟ್ಟಿ ಹಲಗೆಗೆ ಹೊಡೆದರೆ ಮೊನೆ ಕಚ್ಚಿ ಕೂರುತ್ತದೆ, ಇಲ್ಲವೆ ಬಾಣ ಪುಟಿದು ಬರುತ್ತದೆ, ಶಾಫ್ಟ್ ಸೀಳುತ್ತದೆ. 50 ಪೌಂಡಿನ ಕಾಂಪೌಂಡ್ ಬಾಣದಲ್ಲಿ 28 ಪೌಂಡಿನ ರಿಕರ್ವ್ ಬಾಣಕ್ಕಿಂತ ಎರಡು ಮೂರು ಪಟ್ಟು ಶಕ್ತಿ ಇರುವುದರಿಂದ, ಒಂದಕ್ಕೆ ಸಾಕಾದ ದಪ್ಪ ಇನ್ನೊಂದಕ್ಕೆ ಸಾಲುವುದಿಲ್ಲ.

ಚೀಲಕ್ಕೆ ಬೇಕಾದದ್ದು 50 ಕಿಲೊದ ಎರಡು ಖಾಲಿ ಚೀಲ, 20-25 ಕಿಲೊ ಚಿಂದಿ, ಸುತಳಿ, ದಬ್ಬಣ. ಒಳಗೆ ಪ್ಲಾಸ್ಟಿಕ್ ಚೀಲ, ಹೊರಗೆ ಗೋಣಿಚೀಲ ಹಾಕಿ. ಪ್ಲಾಸ್ಟಿಕ್ ಚೀಲವನ್ನೇ ಹೊರಗೆ ಹಾಕಿದರೆ ವಿಜಯಪುರದ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ಗೋಣಿಯ ನೇಯ್ಗೆ ಮೊನೆಗೆ ದಾರಿ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ.

ಚಿಂದಿಯಲ್ಲಿ ಹತ್ತಿ ಬಟ್ಟೆ ಹೆಚ್ಚಿರಲಿ. ಗುಂಡಿ, ಝಿಪ್, ಹುಕ್ಕು, ಜೀನ್ಸಿನ ತಾಮ್ರದ ಮೊಳೆ ಎಲ್ಲವನ್ನೂ ಮೊದಲೇ ಕತ್ತರಿಸಿ ತೆಗೆಯಿರಿ. ಒಂದು ಝಿಪ್ ಉಳಿದರೂ ಒಂದು ದಿನ ಬಾಣ ಹಾಳಾಗುತ್ತದೆ. ರಬಕವಿ-ಬನಹಟ್ಟಿ ಕಡೆ ಮಗ್ಗದ ನೂಲಿನ ವೇಸ್ಟ್ ಅಗ್ಗಕ್ಕೆ ಸಿಗುತ್ತದೆಂದು ಅದನ್ನೇ ತುಂಬಬೇಡಿ. ಬಿಡಿ ನೂಲು ಮೊನೆಗೆ ಸುತ್ತಿಕೊಂಡು, ಬಾಣ ಕಿತ್ತಾಗ ಗೊಂಚಲಾಗಿ ಹೊರಗೆ ಬರುತ್ತದೆ. ಅಂಗೈಗಿಂತ ದೊಡ್ಡ ತುಂಡುಗಳೇ ಒಳ್ಳೆಯವು. ನಾಲ್ಕು ಪಾಲು ಚಿಂದಿಗೆ ಒಂದು ಪಾಲು ತೊಳೆದ ಹಾಲಿನ ಪಾಕೀಟು ಬೆರೆಸಿದರೆ ಬಾಣ ಸಲೀಸಾಗಿ ಬರುತ್ತದೆ. ಕಾಂಪೌಂಡಿಗೆ ಮಾತ್ರ ಇದು ಬೇಡ, ವೇಗದ ತಿಕ್ಕಾಟಕ್ಕೆ ಪ್ಲಾಸ್ಟಿಕ್ ಕರಗಿ ಶಾಫ್ಟಿಗೆ ಮೆತ್ತುತ್ತದೆ.

ತುಂಬುವುದೇ ಇಲ್ಲಿ ನಿಜವಾದ ಕೆಲಸ. ಮೊದಲು ಎರಡೂ ಮೂಲೆಗೆ ತುರುಕಿ, ಆಮೇಲೆ ನಾಲ್ಕು ಬೆರಳಿನಷ್ಟು ಪದರ ಹಾಕಿ ಒನಕೆಯಿಂದ ಜಡಿಯಿರಿ, ಮತ್ತೆ ಪದರ, ಮತ್ತೆ ಜಡಿತ. ಬಾಯಿ ಹೊಲಿದ ಮೇಲೆ ಮುಷ್ಟಿಯಿಂದ ಗುದ್ದಿದರೆ ಎರಡು ಬೆರಳಿಗಿಂತ ಹೆಚ್ಚು ತಗ್ಗಬಾರದು. ಹೀಗೆ ತುಂಬಿದ ಚೀಲ 30 ಸೆಂಟಿಮೀಟರ್ ದಪ್ಪ ಬರುತ್ತದೆ. ರಿಕರ್ವ್ ಬಾಣ ಅದರ ಅರ್ಧದೊಳಗೇ ನಿಂತಿತು. ಕಾಂಪೌಂಡ್ ಬಾಣದ ಮೊನೆ 5 ಮೀಟರಿನಲ್ಲಿ ಹಿಂದೆ ಇಣುಕಿತು, ಆ ಬಿಲ್ಲಿಗೆ ಎರಡು ಚೀಲ ಬೆನ್ನಿಗೆ ಬೆನ್ನು ಕಟ್ಟಬೇಕು. ಹತ್ತಿರದಿಂದ ಹೊಡೆದಾಗಲೇ ಬಾಣದ ವೇಗ ಹೆಚ್ಚು, ಆದ್ದರಿಂದ ಗುರಿಯ ಪರೀಕ್ಷೆಯೂ 5 ಮೀಟರಿನಲ್ಲೇ ಆಗಬೇಕು.

ಚಿಂದಿ ದಿನೇದಿನೇ ಕೆಳಗಿಳಿದು ಮೇಲ್ಭಾಗ ಪೊಳ್ಳಾಗುತ್ತದೆ. ಅದಕ್ಕೇ ಚೀಲದ ಎರಡೂ ತುದಿಗೆ ಹಗ್ಗದ ಕುಣಿಕೆ ಹೊಲಿದು, ಹದಿನೈದು ದಿನಕ್ಕೊಮ್ಮೆ ತಲೆಕೆಳಗು ಮಾಡಿ ತೂಗುಹಾಕಿ. ಮಳೆಗೆ ನೆನೆದರೆ ಕೆಡುವುದಿಲ್ಲ, ಆದರೆ ಎತ್ತಲಾರದಷ್ಟು ಭಾರವಾಗಿ ಬೂಸು ಹಿಡಿಯುತ್ತದೆ. ಬೆಳಗಾವಿಯ ಜುಲೈ ಜಡಿಮಳೆಯಲ್ಲಿ ಒಳಗಿಡುವುದೇ ವಾಸಿ.

ರಟ್ಟಿನ ಲೆಕ್ಕ ಬೇರೆ. ಐದು ಪದರದ ಪೆಟ್ಟಿಗೆಗಳನ್ನು 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕೊಯ್ದು ಒಂದರ ಮೇಲೊಂದು ಅಟ್ಟಿ ಹಾಕಬೇಕು. ಬಾಣ ತಾಗಬೇಕಾದದ್ದು ಪಟ್ಟಿಗಳ ಅಂಚಿಗೆ, ಆಗ ಅದು ಎರಡು ಪಟ್ಟಿಗಳ ನಡುವೆ ನುಸುಳಿ ನಿಲ್ಲುತ್ತದೆ. ಪಟ್ಟಿಯ ಮುಖಕ್ಕೆ ಹೊಡೆದರೆ ಪ್ರತಿ ಬಾಣವೂ ಒಂದು ತೂತು ಕೊರೆಯುತ್ತದೆ, ವಾರದಲ್ಲಿ ನಡುಭಾಗ ಜರಡಿಯಾಗುತ್ತದೆ. 60 ಸೆಂಟಿಮೀಟರ್ ಎತ್ತರಕ್ಕೆ ಬಿಗಿದಾಗ ಸುಮಾರು 150 ಪಟ್ಟಿ, 20 ಕಿಲೊದಷ್ಟು ರಟ್ಟು ಹಿಡಿಯುತ್ತದೆ. ಪಿನ್ನು ಮತ್ತು ಅಂಟು ಟೇಪನ್ನು ಪೂರ್ತಿ ಕಿತ್ತುಹಾಕಿ, ಟೇಪಿನ ಗೋಂದು ಶಾಫ್ಟಿಗೆ ಹತ್ತುತ್ತದೆ.

ಮೇಲೊಂದು ಕೆಳಗೊಂದು ಹಲಗೆ ಇಟ್ಟು, ಎರಡೂ ಬದಿಗೆ ಥ್ರೆಡ್ ಇರುವ 12 ಎಂಎಂ ರಾಡ್ ಹಾಕಿ, ನಟ್ಟಿನಿಂದ ಬಿಗಿಯಿರಿ. ರಾಡು ರಟ್ಟಿನ ಹೊರಗಿರಲಿ, ಮುಂಬದಿಗೆ ಹಳೆಯ ಟಯರಿನ ತುಂಡು ಕಟ್ಟಿ. ಹದ ಸಿಗುವವರೆಗೆ ಅರ್ಧ ಸುತ್ತು ಬಿಗಿಯುವುದು, ಒಂದು ಬಾಣ ಹೊಡೆಯುವುದು. ಸಡಿಲವಾದರೆ ಬಾಣ ಗರಿಯತನಕ ತೂರಿ ಗರಿ ಕಿತ್ತುಹೋಗುತ್ತದೆ, ಅತಿ ಬಿಗಿಯಾದರೆ ಇಬ್ಬರು ಎಳೆದರೂ ಬಾರದು. ನಡುವಿನ ಪಟ್ಟಿಗಳು ಸವೆದಾಗ ಬಿಚ್ಚಿ ಅವನ್ನು ಮೇಲಕ್ಕೂ ಕೆಳಕ್ಕೂ ಸೇರಿಸಿದರೆ ಗುರಿ ಹೊಸದಾಗುತ್ತದೆ. ಚಿಂದಿ ಚೀಲಕ್ಕೆ ಈ ಅನುಕೂಲ ಇಲ್ಲ. ರಟ್ಟಿನ ಅಟ್ಟಿಯ ಮುಖ ಸಪಾಟಾಗಿರುವುದರಿಂದ 40 ಸೆಂಟಿಮೀಟರ್ ಗುರಿಹಾಳೆ ನೆಟ್ಟಗೆ ಕೂರುತ್ತದೆ, 18 ಮೀಟರ್ ಅಭ್ಯಾಸಕ್ಕೆ ಅದೇ ಅಳತೆ. ಹಾಳೆ ಕೊಳ್ಳದಿದ್ದರೆ 8, 16, 24, 32, 40 ಸೆಂಟಿಮೀಟರ್ ವ್ಯಾಸದ ವೃತ್ತ ಎಳೆದು ಒಳಗಿನಿಂದ ಹಳದಿ, ಕೆಂಪು, ನೀಲಿ, ಕಪ್ಪು, ಬಿಳಿ ಬಣ್ಣ ತುಂಬಿ. ಚುಚ್ಚಲು ಕಬ್ಬಿಣದ ಮೊಳೆ ಬೇಡ, ಜಾಲಿಮುಳ್ಳು ಸಾಕು. ನಡುವಿನ ಹಳದಿ ನೆಲದಿಂದ 130 ಸೆಂಟಿಮೀಟರ್ ಎತ್ತರದಲ್ಲಿರಲಿ.

ರಟ್ಟಿನ ವೈರಿಗಳು ನೀರು ಮತ್ತು ಗೆದ್ದಲು. ಒಂದು ಮಳೆಗೆ ಅಟ್ಟಿಯೆಲ್ಲ ಮುದ್ದೆಯಾಗುತ್ತದೆ. ನೆಲಕ್ಕೆ ತಾಗಿಸದೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡಬೇಕು.

ಹುಲ್ಲಿನಲ್ಲಿ ಖಾನಾಪುರ ಕಡೆಯ ಭತ್ತದ ಹುಲ್ಲನ್ನು ಯಂತ್ರದಿಂದ ಬಿಗಿದ ಪೆಂಡಿ ಪರವಾಗಿಲ್ಲ, ರಿಕರ್ವಿಗೆ 45 ಸೆಂಟಿಮೀಟರ್ ದಪ್ಪ ಬೇಕು. ಕಬ್ಬಿನ ರವದಿ ಎಷ್ಟು ಬಿಗಿದರೂ ಸಡಿಲ. ಜೋಳದ ಕಣಿಕೆಯ ಗೆಣ್ಣಿಗೆ ತಾಗಿದ ಬಾಣ ಅಡ್ಡಕ್ಕೆ ಜಾರುತ್ತದೆ. ಷರತ್ತು ಇದು: ಒಮ್ಮೆ ಬಾಣ ಬಿದ್ದ ಹುಲ್ಲು ಮತ್ತೆ ದನದ ಗೋದಲಿಗೆ ಹೋಗಕೂಡದು. ಮುರಿದ ಮೊನೆ, ಕಾರ್ಬನ್ ಸಿಬಿರು ಹೊಟ್ಟೆಗೆ ಹೋದರೆ ದನ ಸಾಯಬಹುದು. ಬಣವಿಗೆ ಹೊಡೆಯುವ ಯೋಚನೆಯನ್ನಂತೂ ಬಿಟ್ಟೇಬಿಡಿ.

ಥರ್ಮೊಕೋಲ್ ಹಿಡಿತವೇ ಇಲ್ಲದ ವಸ್ತು, ಅದಕ್ಕೆ ದುಡ್ಡು ಹಾಕಬೇಡಿ. ಬ್ಲೇಡಿನ ಮೊನೆಯ ಬಾಣ ಈ ಮೂರರಲ್ಲಿ ಯಾವುದಕ್ಕೂ ಸಲ್ಲದು, ಎಲ್ಲವನ್ನೂ ಕೊಯ್ದು ಹಾಕುತ್ತದೆ.

ಗುರಿ ಯಾವುದೇ ಇರಲಿ, ತಪ್ಪಿದ ಬಾಣಕ್ಕೆ ತಡೆ ಬೇಕು. ಗುರಿಯ ಹಿಂದೆ ಒಂದು ಮೀಟರ್ ಬಿಟ್ಟು ಹಳೆಯ ದಪ್ಪ ಕಂಬಳಿಯನ್ನು ಎರಡು ಮಡಿಕೆ ಮಾಡಿ, ಮೇಲೆ ಮಾತ್ರ ಕಟ್ಟಿ, ಕೆಳಗೆ ಸಡಿಲ ಬಿಡಿ. ಜೋತಾಡುವ ಕಂಬಳಿ ಬಾಣದ ವೇಗ ನುಂಗುತ್ತದೆ, ಬಿಗಿದು ಕಟ್ಟಿದರೆ ತೂತಾಗುತ್ತದೆ. ಕಂಬಳಿಯ ಹಿಂದೆ ಗೋಡೆ ಇರಲೇಬೇಕು, ದಾರಿಯಾಗಲಿ ನೆರೆಮನೆಯ ಅಂಗಳವಾಗಲಿ ಅಲ್ಲ. ಕಾಂಪೌಂಡ್ ಬಾಣಕ್ಕೆ ಕಂಬಳಿ ಸಾಲದು, ಮಣ್ಣಿನ ದಿಬ್ಬವೇ ಬೇಕು. ಬಾಣ ಕೀಳುವಾಗ ಒಂದು ಅಂಗೈ ಗುರಿಗೆ ಒತ್ತಿ, ಇನ್ನೊಂದು ಕೈಯಿಂದ ಶಾಫ್ಟನ್ನು ಬುಡದಲ್ಲೇ ಹಿಡಿದು ನೇರ ಎಳೆಯಿರಿ. ಬರದಿದ್ದರೆ ಅಲುಗಾಡಿಸಬೇಡಿ. ಮುಂದಿನ ಸಲ ಹೊಡೆಯುವ ಮೊದಲು ಶಾಫ್ಟಿನ ಮುಂಭಾಗಕ್ಕೆ ಒಣ ಸಾಬೂನು ತಿಕ್ಕಿ.