ಹಳೆಯ ರೀಲನ್ನು ಇಡಿಯಾಗಿ ಆಸಿಡ್‌ಗೆ ಹಾಕಲು ಬಿಡಬೇಡಿ

ಹಳೆಯ ಗಾಳದ ರೀಲಿನ ಕ್ರೋಮ್ ಕಿತ್ತುಬರುತ್ತಿದೆ, ಉಳಿದದ್ದನ್ನೂ ತೆಗೆಸಿ ಒಳಗಿನ ಹಿತ್ತಾಳೆ ಹೊಳೆಯುವ ಹಾಗೆ ಮಾಡಿಸೋಣ ಎಂದುಕೊಂಡವರು ಅದನ್ನು ಯಾರ ಕೈಗಾದರೂ ಕೊಡುವ ಮುಂಚೆ ಇದನ್ನು ಓದಿ. ನನ್ನ ರೀಲು ಪ್ಲೇಟಿಂಗ್ ಕೆಲಸದವರ ಬಳಿ ಹೋಗಿ ಬಂದಿದೆ. ಹೋಗುವಾಗ ನೋಡಲು ಚೆನ್ನಾಗಿರಲಿಲ್ಲ, ಆದರೆ ತಿರುಗುತ್ತಿತ್ತು. ಬಂದಾಗ ಫಳಫಳ ಹೊಳೆಯುತ್ತಿತ್ತು, ಸರಿಯಾಗಿ ತಿರುಗುತ್ತಿರಲಿಲ್ಲ.

ತೆಗೆಸುವುದಕ್ಕೆ ಕಾರಣ ಅಂದಚೆಂದ ಮಾತ್ರ ಆಗಿರಲಿಲ್ಲ. ದಾರ ಸುತ್ತಿಕೊಳ್ಳುವ ಉರುಳೆಯ, ಅಂದರೆ ಸ್ಪೂಲಿನ, ಅಂಚಿನಲ್ಲಿ ಕ್ರೋಮ್ ಸಿಪ್ಪೆಯೆದ್ದು ದಾರವನ್ನು ಗೀರುತ್ತಿತ್ತು. ಆ ಸಿಪ್ಪೆ ಬ್ಲೇಡಿನಷ್ಟು ಹರಿತ, ಬೆರಳನ್ನೂ ಕೊಯ್ಯುತ್ತದೆ. ಕೆಲಸದವರು ರೀಲನ್ನು ಕೈಯಲ್ಲಿ ಹಿಡಿದು ನೋಡಿ, "ಎಲ್ಲಾ ಹಿತ್ತಾಳೆನೇ ಸಾರ್, ಆಸಿಡ್‌ನಲ್ಲಿ ಅದ್ದಿ ಬಫ್ ಹೊಡೆದರೆ ಮುಗೀತು" ಎಂದರು. ಇಡೀ ಅನಾಹುತ "ಎಲ್ಲಾ ಹಿತ್ತಾಳೆನೇ" ಎಂಬ ಆ ಮಾತಿನಲ್ಲೇ ಇತ್ತು.

ಹಳೆಯ ರೀಲು ಒಂದೇ ಲೋಹದ ವಸ್ತುವಲ್ಲ. ನನ್ನದರಲ್ಲಿ ಸ್ಪೂಲು, ಅಂಚಿನ ಬಳೆಗಳು, ಕಂಬಗಳು ಹಿತ್ತಾಳೆ. ಡ್ರ್ಯಾಗ್ (ದಾರ ಓಡುವುದನ್ನು ತಡೆಯುವ ಬ್ರೇಕು) ಬಿಗಿಸುವ ನಕ್ಷತ್ರದಾಕಾರದ ಚಕ್ರ ಸತುವಿನ ಎರಕ. ಅಕ್ಷ, ಕ್ಲಿಕ್ ಸದ್ದಿನ ಸ್ಪ್ರಿಂಗು, ಕೆಲವು ಸ್ಕ್ರೂಗಳು ಉಕ್ಕು. ಸೈಡ್ ಪ್ಲೇಟು ಬೇಕಲೈಟ್, ಅಂದರೆ ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್. ಇನ್ನೂ ಹಳೆಯವುಗಳಲ್ಲಿ ಎಬೊನೈಟ್ (ಗಟ್ಟಿ ರಬ್ಬರ್), ಜರ್ಮನ್ ಸಿಲ್ವರ್ ಎಂಬ ಬಿಳಿ ಮಿಶ್ರಲೋಹ, ಅಲ್ಯೂಮಿನಿಯಂ ಕೂಡ ಸಿಗುತ್ತವೆ. ಒಂದಕ್ಕೆ ಒಗ್ಗುವ ದ್ರಾವಣ ಇನ್ನೊಂದನ್ನು ತಿಂದುಹಾಕುತ್ತದೆ. ಹೊರಗಿನ ಹೊಳಪು ಎಲ್ಲದರ ಮೇಲೂ ಒಂದೇ ಥರ ಇರುವುದರಿಂದ ಕಣ್ಣಿಗೆ ಇದು ಗೊತ್ತಾಗುವುದಿಲ್ಲ.

ನಾವು ಕ್ರೋಮ್ ಎನ್ನುವುದು ಸಾಮಾನ್ಯವಾಗಿ ಒಂದೇ ಪದರವಲ್ಲ. ಮೇಲಿರುವ ಕ್ರೋಮಿಯಂ ಒಂದು ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಾಲು ಇಲ್ಲವೇ ಅರ್ಧದಷ್ಟು ತೆಳು. ಅದರ ಕೆಳಗೆ ಹಲವು ಮೈಕ್ರಾನ್ ದಪ್ಪದ ನಿಕ್ಕಲ್. ಸತುವಿನ ಎರಕವಾದರೆ ನಿಕ್ಕಲ್‌ನ ಕೆಳಗೆ ತಾಮ್ರದ ಪದರವೂ ಇರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ, ಅಂದರೆ ಅಂಗಡಿಯ ಮ್ಯೂರಿಯಾಟಿಕ್ ಆಸಿಡ್, ಕ್ರೋಮನ್ನು ಬೇಗ ಕರಗಿಸುತ್ತದೆ. ನಿಕ್ಕಲ್ ಮಾತ್ರ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಮಂಕಾದ, ತುಸು ಹಳದಿ ಛಾಯೆಯ ಬಿಳಿ ಮೈ ಉಳಿದದ್ದನ್ನು ಕಂಡು "ಇನ್ನೂ ಹೋಗಿಲ್ಲ" ಎಂದು ಮತ್ತಷ್ಟು ಹೊತ್ತು ಮುಳುಗಿಸಿಡುತ್ತಾರೆ. ಕೆಡುವುದೆಲ್ಲ ಈ ಹೊತ್ತಿನಲ್ಲೇ.

ಸವೆದ ಲೇಪವನ್ನು ತೆಗೆಯುವುದು ಒಳ್ಳೆಯ ಲೇಪವನ್ನು ತೆಗೆಯುವುದಕ್ಕಿಂತ ಕಷ್ಟ. ಕೇಳಿದರೆ ತಿರುಗುಮುರುಗು ಅನಿಸುತ್ತದೆ, ಆದರೆ ಯೋಚಿಸಿ ನೋಡಿ: ಹೆಬ್ಬೆರಳು ತಾಗಿ ತಾಗಿ ಅಲ್ಲಲ್ಲಿ ಹಿತ್ತಾಳೆ ಆಗಲೇ ಬಯಲಾಗಿದೆ. ಪಕ್ಕದ ನಿಕ್ಕಲ್ ಕರಗುವವರೆಗೂ ಆ ಬಯಲಾದ ಜಾಗ ಆಮ್ಲಕ್ಕೆ ಬಾಯೊಡ್ಡಿಕೊಂಡು ಕೂತಿರುತ್ತದೆ. ಹಿತ್ತಾಳೆಯಲ್ಲಿರುವ ಸತು ಮೊದಲು ಕರಗಿಹೋಗಿ ತಾಮ್ರ ಹಿಂದೆ ಉಳಿಯುತ್ತದೆ. ನನ್ನ ರೀಲಿನ ಬಳೆಗಳ ಮೇಲೆ ನಸುಗೆಂಪು ಮಚ್ಚೆಗಳು ಬಂದದ್ದು ಹೀಗೆ. ಬಫ್ ಹೊಡೆದಾಗ ಮೇಲಿನ ಕೆಂಪು ಹೋಯಿತು, ತಗ್ಗುಗಳು ಉಳಿದವು.

ನಕ್ಷತ್ರ ಚಕ್ರದ ಕಥೆ ಇನ್ನೂ ಕೆಟ್ಟದು. ಸತುವಿಗೂ ಈ ಆಮ್ಲಕ್ಕೂ ಆಗಿಬರುವುದೇ ಇಲ್ಲ. ಹೈಡ್ರೋಜನ್ ಗುಳ್ಳೆಗಳು ಬುಸುಗುಡುತ್ತ ಏಳುತ್ತವೆ, ಲೋಹ ಕಣ್ಣೆದುರೇ ಕರಗುತ್ತದೆ. ಲೇಪದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸಾಕು, ಆಮ್ಲ ಒಳಗೆ ನುಗ್ಗಿ ಅಡಿಯಿಂದ ಕೊರೆಯುತ್ತದೆ. ಗೆದ್ದಲು ತಿಂದ ಕಿಟಕಿಯ ಚೌಕಟ್ಟಿನ ಹಾಗೆ, ಹೊರಗಿನ ಆಕಾರ ಇತ್ತು, ಒಳಗೆ ಏನೂ ಇರಲಿಲ್ಲ. ಬಿಗಿಸಲು ಹೋದಾಗ ಒಂದು ತೋಳು ಕೈಗೇ ಬಂತು.

ಸೈಡ್ ಪ್ಲೇಟಿನ ಮೇಲೆ ರಿವೆಟ್ ಹೊಡೆದು ಕೂರಿಸಿದ್ದ ಬಳೆಯನ್ನು ಬಿಚ್ಚುವ ಗೋಜಿಗೆ ಹೋಗದೆ, ಪ್ಲೇಟಿನ ಸಮೇತ ಬಿಸಿ ಕಾಸ್ಟಿಕ್ ಸೋಡಾದಲ್ಲಿಟ್ಟು ಉಲ್ಟಾ ಕರೆಂಟ್ (ಲೇಪ ಕೂರಿಸುವಾಗಿನದಕ್ಕೆ ವಿರುದ್ಧ ದಿಕ್ಕಿನದು) ಹರಿಸಿದ್ದರು. ಕ್ರೋಮ್ ತೆಗೆಯಲು ಕಸುಬಿನಲ್ಲಿ ಬಳಸುವ ವಿಧಾನವೇ ಅದು, ತಪ್ಪೇನಿಲ್ಲ. ಆದರೆ ಬೇಕಲೈಟಿಗೆ ಕಟು ಕ್ಷಾರ ಆಗದು. ಕಪ್ಪು ಹೊಳಪು ಹೋಗಿ ಮೈ ಒರಟಾಯಿತು. ಸ್ಪೂಲು ಅಲ್ಯೂಮಿನಿಯಂ ಆಗಿದ್ದಿದ್ದರೆ ಕಾಸ್ಟಿಕ್‌ನಲ್ಲಿ ಅದೂ ಕರಗುತ್ತಿತ್ತು. ಎಬೊನೈಟ್ ಇರುವ ರೀಲಾದರೆ ಬಿಸಿ ನೀರೂ ಬೇಡ. ಬಿಸಿಲು ಕಂಡು ಹಳತಾದ ಎಬೊನೈಟ್ ಬಿಸಿ ನೀರಿಗೆ ಬಿದ್ದರೆ ಕಪ್ಪು ಬಿಟ್ಟು ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ.

ಸ್ಪ್ರಿಂಗು ನೋಡಲು ಚೆನ್ನಾಗಿಯೇ ಇತ್ತು, ಮೊದಲ ಬಳಕೆಯಲ್ಲೇ ಪಟ್ಟೆಂದು ತುಂಡಾಯಿತು. ಗಟ್ಟಿ ಉಕ್ಕನ್ನು ಆಮ್ಲದಲ್ಲಿಟ್ಟರೆ ಹೈಡ್ರೋಜನ್ ಒಳಗೆ ಸೇರಿ ಉಕ್ಕು ಪೆಡಸಾಗುತ್ತದೆ. ಅಂಥ ಭಾಗವನ್ನು ಹೊರತೆಗೆದ ಕೆಲವೇ ಗಂಟೆಗಳೊಳಗೆ ಸುಮಾರು 190–200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇಡುವುದು ಪದ್ಧತಿ. ಸ್ಪ್ರಿಂಗನ್ನು ಆಮ್ಲದ ಹತ್ತಿರಕ್ಕೇ ಒಯ್ಯದಿರುವುದು ಅದಕ್ಕಿಂತ ಸುಲಭ.

ಇನ್ನು ಬಫಿಂಗ್, ಅಂದರೆ ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹೊಳಪು ಕೊಡುವುದು. ತಯಾರಕರ ಹೆಸರು, ಮಾದರಿಯ ಸಂಖ್ಯೆ, ಹಿಡಿಯ ಸುತ್ತಲಿನ ಸಣ್ಣ ಗೀರುಗೆರೆ ಇವೆಲ್ಲ ಚಕ್ರದ ಕೆಳಗೆ ನಯವಾಗಿ ಮಾಯವಾಗುತ್ತವೆ. ಹಳೆಯ ರೀಲನ್ನು ಹುಡುಕಿ ಕೊಳ್ಳುವವರು ಮೊದಲು ನೋಡುವುದೇ ಆ ಅಕ್ಷರಗಳನ್ನು. ಸವೆದದ್ದಾದರೂ ಮೂಲ ಲೇಪವನ್ನೇ ಅವರು ಮೆಚ್ಚುತ್ತಾರೆ, ಹೊಸದಾಗಿ ಬೋಳಿಸಿದ ಹಿತ್ತಾಳೆಯನ್ನಲ್ಲ. ಇದು ನನಗೆ ಕೆಲಸದವರು ಹೇಳಬೇಕಿದ್ದ ಮಾತು. ಹೇಳಲಿಲ್ಲ. ಕೊಟ್ಟ ಕೂಲಿಗಿಂತ ಹೆಚ್ಚು ಹೊಟ್ಟೆ ಉರಿಸಿದ್ದು ಅದು.

ಸ್ಕ್ರೂ ತೂತುಗಳಲ್ಲಿ ಸಿಕ್ಕಿಕೊಂಡಿದ್ದ ಆಮ್ಲ ಆಮೇಲೆ ನಿಧಾನಕ್ಕೆ ಒಸರಿ ಹಸಿರು ಕಿಲುಬು ಕಟ್ಟಿತು. ಥ್ರೆಡ್‌ಗಳು ಸಡಿಲಾಗಿ ಕಂಬಗಳು ಅಲುಗತೊಡಗಿದವು. ಸ್ಪೂಲು ಒಂದು ಕಡೆ ಉಜ್ಜುತ್ತದೆ.

"ಹಾಗಾದರೆ ಮನೆಯಲ್ಲೇ ಮಾಡಿಕೊಳ್ಳುತ್ತೇನೆ" ಎನ್ನುವವರಿಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ, ಬೇಡ. ಉಪ್ಪುನೀರಿಗೆ ಬ್ಯಾಟರಿ ಚಾರ್ಜರ್ ಜೋಡಿಸುವ ಉಪಾಯ ಎಲ್ಲೆಲ್ಲೂ ಓಡಾಡುತ್ತಿದೆ. ಅದರಲ್ಲಿ ಕ್ಲೋರಿನ್ ಅನಿಲ ಏಳುತ್ತದೆ. ಉಲ್ಟಾ ಕರೆಂಟಿನಿಂದ ಕರಗುವ ಕ್ರೋಮಿಯಂ ಹೆಕ್ಸಾವೇಲೆಂಟ್ ಎಂಬ ವಿಷಕಾರಿ ರೂಪಕ್ಕೆ ಹೋಗಬಲ್ಲದು. ದ್ರಾವಣ ಹಳದಿಗೆ ತಿರುಗುವುದು ಅದರ ಗುರುತು. ಅದು ಕ್ಯಾನ್ಸರ್ ತರುವ ವಸ್ತು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ 2006ರಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಇದಕ್ಕೆ ಹಾಕಿದ ಮಿತಿ ಘನ ಮೀಟರಿಗೆ ಬರೀ 5 ಮೈಕ್ರೋಗ್ರಾಂ. ಅಂಥ ನೀರನ್ನು ಬಚ್ಚಲಿಗೆ ಸುರಿಯುವಂತಿಲ್ಲ, ಗಿಡದ ಬುಡಕ್ಕಂತೂ ಅಲ್ಲವೇ ಅಲ್ಲ. ಮ್ಯೂರಿಯಾಟಿಕ್ ಆಸಿಡ್‌ನ ಡಬ್ಬಿಯನ್ನು ಬ್ಲೀಚಿನ ಬಳಿ ಇಡಬೇಡಿ, ಎರಡೂ ಬೆರೆತರೆ ಮತ್ತೆ ಅದೇ ಕ್ಲೋರಿನ್. ಮುಚ್ಚಳ ಸಡಿಲವಿದ್ದರೆ ಬರೀ ಆವಿಯೇ ಕೋಣೆಯಲ್ಲಿರುವ ಉಕ್ಕಿನ ಉಪಕರಣಗಳಿಗೆಲ್ಲ ತುಕ್ಕು ಹಿಡಿಸುತ್ತದೆ.

ತೆಗೆಸಲೇಬೇಕು ಅನ್ನುವವರು ರೀಲನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗದ ಫೋಟೊ ತೆಗೆದು, ಲೋಹ ಯಾವುದೆಂದು ನೋಡಿಕೊಳ್ಳಿ. ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಉಕ್ಕು. ನಿಕ್ಕಲ್ ಲೇಪವೂ ಒಂಚೂರು ಎಳೆಯುತ್ತದೆ, ಮೋಸ ಹೋಗಬೇಡಿ. ಕಣ್ಣಿಗೆ ಬೀಳದ ಒಳಬದಿಯಲ್ಲಿ ಸೂಜಿಯಿಂದ ಗೀರಿದರೆ ಹಿತ್ತಾಳೆ ಹಳದಿ, ಸತು ನೀಲಿ ಬೆರೆತ ಬೂದು. ಸವೆದ ಜಾಗವೂ ಬಿಳಿಯಾಗಿಯೇ ಇದ್ದರೆ ಅದು ಜರ್ಮನ್ ಸಿಲ್ವರ್ ಇರಬಹುದು. ತಾಮ್ರ, ನಿಕ್ಕಲ್, ಸತು ಸೇರಿದ ಆ ಮಿಶ್ರಲೋಹ ಒಳಗೂ ಹೊರಗೂ ಒಂದೇ, ತೆಗೆಯಲು ಅಲ್ಲಿ ಲೇಪವೇ ಇಲ್ಲ. ಅಲಂಕಾರಿಕ ಕ್ರೋಮ್ ಲೇಪ ಮಾರುಕಟ್ಟೆಗೆ ಬಂದದ್ದೇ 1920ರ ದಶಕದ ನಡುಭಾಗದಲ್ಲಿ. ಅದಕ್ಕೂ ಹಳೆಯ ರೀಲಿನ ಮೇಲಿರುವುದು ಕ್ರೋಮ್ ಎಂದು ಯಾರಾದರೂ ಹೇಳಿದರೆ, ಒಂದೋ ಅದು ನಿಕ್ಕಲ್, ಇಲ್ಲವೇ ಯಾರೋ ನಡುವೆ ಕೈಯಾಡಿಸಿದ್ದಾರೆ.

ಕೆಲಸದವರಿಗೆ ಹಿತ್ತಾಳೆಯ ಭಾಗಗಳನ್ನಷ್ಟೇ ಕೊಡಿ. ಸತು, ಸ್ಪ್ರಿಂಗು, ಗೇರು, ಸೈಡ್ ಪ್ಲೇಟು ನಿಮ್ಮ ಹತ್ತಿರವೇ ಇರಲಿ. ಯಾವ ದ್ರಾವಣ, ಎಷ್ಟು ಹೊತ್ತು, ಆಮೇಲೆ ಆಮ್ಲವನ್ನು ಹೇಗೆ ತಟಸ್ಥಗೊಳಿಸುತ್ತಾರೆ, ಅಕ್ಷರಗಳಿರುವ ಜಾಗಕ್ಕೆ ಬಫ್ ತಾಗಿಸದೆ ಬಿಡುತ್ತಾರೆಯೇ, ಇಷ್ಟನ್ನು ಕೇಳಿ. "ಅದೆಲ್ಲಾ ನಮಗೆ ಬಿಡಿ ಸಾರ್" ಎಂಬ ಉತ್ತರ ಬಂದರೆ ರೀಲನ್ನು ಚೀಲಕ್ಕೆ ಹಾಕಿಕೊಂಡು ಎದ್ದುಬನ್ನಿ.

ಅಂದಹಾಗೆ ಸ್ಪೂಲಿನ ಅಂಚಿನ ಸಿಪ್ಪೆಗೆ ಇದ್ಯಾವುದೂ ಬೇಕಿರಲಿಲ್ಲ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕಿಕೊಂಡು ಸಡಿಲವಾದ ಚೂರುಗಳನ್ನು ಪ್ಲಾಸ್ಟಿಕ್ ಅಂಚಿನಿಂದ ಎಬ್ಬಿಸಿ ತೆಗೆಯಬೇಕು. ಉಳಿದ ಲೇಪದ ಗಡಿಯನ್ನು 1500 ನಂಬರಿನ ನೀರುಕಾಗದದಿಂದ (ಒದ್ದೆಯಾಗಿ ಬಳಸುವ ನಯವಾದ ಮರಳುಕಾಗದ), ನೀರು ಹಾಕುತ್ತಲೇ, ಮೆಲ್ಲಗೆ ಉಜ್ಜಿ ಸಪಾಟು ಮಾಡಿ, ಒರೆಸಿ ಒಣಗಿಸಿ ಮೇಣ ಹಚ್ಚಿದರೆ ಆಯಿತು. ಮುಗಿಯಿತೋ ಇಲ್ಲವೋ ನೋಡಲು ಹತ್ತಿಯ ಉಂಡೆಯನ್ನು ಅಂಚಿನ ಸುತ್ತ ಎಳೆಯಿರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಮಾತ್ರ ಇನ್ನೊಮ್ಮೆ ಉಜ್ಜಿ.