ಆಪರೇಷನ್‌ಗೆ ಮುಂಚಿನ ನಾಲ್ಕು ವಾರ: ಒಂದು ಪ್ರಿಹ್ಯಾಬ್ ಸೇವೆಯ ಬಗ್ಗೆ

ನಮ್ಮ ತಂದೆಯವರಿಗೆ 68 ವರ್ಷ, ಇರುವುದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಇರುವುದು ಕೊಲೊನೋಸ್ಕೋಪಿಯಲ್ಲಿ ಗೊತ್ತಾದ ಮೇಲೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆತಂದೆವು. ಅಲ್ಲಿನ ಶಸ್ತ್ರವೈದ್ಯರು ಕೂಡಲೇ ದಾಖಲು ಮಾಡಿಕೊಳ್ಳುವ ಬದಲು ನಾಲ್ಕು ವಾರದ ನಂತರದ ದಿನವನ್ನು ಗೊತ್ತುಮಾಡಿ, ಅಷ್ಟರೊಳಗೆ ಪ್ರಿಹ್ಯಾಬ್, ಅಂದರೆ ಆಪರೇಷನ್‌ಗೆ ದೇಹ ಮತ್ತು ಮನಸ್ಸನ್ನು ಮೊದಲೇ ಸಿದ್ಧಪಡಿಸುವ ತರಬೇತಿ, ಮುಗಿಸಿಕೊಳ್ಳಿ ಎಂದರು. ಗಡ್ಡೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಂದು ತಿಂಗಳು ಕಾಯುವುದು ಹೇಗೆಂದು ಮನೆಯವರೆಲ್ಲ ಗಾಬರಿಯಾದೆವು. ಕರುಳಿನ ದಾರಿ ಇನ್ನೂ ಕಟ್ಟಿಲ್ಲವಾದ್ದರಿಂದ ಅಷ್ಟು ಕಾಯಬಹುದು, ಆದರೆ 9.1ಕ್ಕೆ ಇಳಿದ ಹಿಮೋಗ್ಲೋಬಿನ್ ಮತ್ತು ಹತೋಟಿ ತಪ್ಪಿದ ಸಕ್ಕರೆಯೊಂದಿಗೆ ಈಗಲೇ ಮೇಜಿನ ಮೇಲೆ ಮಲಗಿಸಿದರೆ ಕಷ್ಟವಾದೀತು ಎಂಬುದು ಅವರು ಕೊಟ್ಟ ಕಾರಣ. ಈ ಸೇವೆಯ ಹೆಸರನ್ನೇ ನಾವು ಅಲ್ಲಿಯವರೆಗೆ ಕೇಳಿರಲಿಲ್ಲ. ಆದ್ದರಿಂದ ಮುಂದೆ ಇದೇ ಪರಿಸ್ಥಿತಿಯಲ್ಲಿ ನಿಲ್ಲುವವರಿಗೆ ಉಪಯೋಗವಾಗಲಿ ಎಂದು ನೋಡಿದ್ದನ್ನು ನೋಡಿದಂತೆ ಬರೆಯುತ್ತಿದ್ದೇನೆ.

ಮೊದಲ ದಿನದ ತಪಾಸಣೆಗೆ ಎರಡು ಗಂಟೆ ಹಿಡಿಯಿತು. ಅರಿವಳಿಕೆ ತಜ್ಞೆ, ಫಿಸಿಯೋಥೆರಪಿಸ್ಟ್ ಮತ್ತು ಆಹಾರ ತಜ್ಞೆ ಒಬ್ಬರಾದ ಮೇಲೊಬ್ಬರು ನೋಡಿದರು. ಓಪಿಡಿಯ ಹಿಂದಿನ ಓಣಿಯಲ್ಲಿ 30 ಮೀಟರಿಗೊಂದು ಪಟ್ಟಿ ಅಂಟಿಸಿ, ಆರು ನಿಮಿಷ ಆಚೀಚೆ ನಡೆಸಿ ದೂರವನ್ನು ಅಳೆದರು. ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಲ್ಲರೆಂದು ಎಣಿಸಿದರು. ದಿನವೂ ತೋಟ ಸುತ್ತುವವರೆಂದು ನಾವು ಹೆಮ್ಮೆಪಡುತ್ತಿದ್ದ ತಂದೆಯವರು ಎಂಟಕ್ಕೇ ಸುಸ್ತಾದರು. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ಅಂದೇ ಬಿಡಿಸಿದರು. ಮಾತ್ರೆಯಿಂದ ರಕ್ತ ಏರುವಷ್ಟು ಸಮಯವಿಲ್ಲವೆಂದು ಕಬ್ಬಿಣಾಂಶದ ಡ್ರಿಪ್ಪನ್ನು ವಾರದ ಅಂತರದಲ್ಲಿ ಎರಡು ಬಾರಿ ಹಾಕಿದರು. ನಾಲ್ಕನೆಯ ವಾರಕ್ಕೆ ಹಿಮೋಗ್ಲೋಬಿನ್ 11.4ಕ್ಕೆ ಬಂದಿತ್ತು, ಕುರ್ಚಿಯ ಲೆಕ್ಕ ಹನ್ನೆರಡಕ್ಕೆ ಏರಿತ್ತು.

ಉಸಿರಿನ ಅಭ್ಯಾಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೂರು ಗುಂಡುಗಳಿರುವ ಪ್ಲಾಸ್ಟಿಕ್ಕಿನ ಸ್ಪೈರೋಮೀಟರನ್ನು ಕೊಟ್ಟು, ಗಂಟೆಗೊಮ್ಮೆ ಹತ್ತು ಸಲ ಎಂದು ಚೀಟಿಯಲ್ಲಿ ಬರೆದಿದ್ದರು. ತಂದೆಯವರು ಅದನ್ನು ಮೂರು ದಿನ ಪೀಪಿಯಂತೆ ಊದಿದರು. ಗುಂಡು ಅಲ್ಲಾಡಲೇ ಇಲ್ಲ. ಸಾಧನ ಕೆಟ್ಟಿದೆಯೆಂದು ನಾನು ಫೋನ್ ಮಾಡಿದಾಗ, ಊದುವುದಲ್ಲ, ಉಸಿರನ್ನು ಒಳಕ್ಕೆ ಎಳೆದುಕೊಳ್ಳಬೇಕು ಎಂದು ಫಿಸಿಯೋಥೆರಪಿಸ್ಟ್ ನಗದೆ ಹೇಳಿದರು, ಮರುದಿನ ವೀಡಿಯೊ ಕರೆಯಲ್ಲಿ ತಾವೇ ಮಾಡಿ ತೋರಿಸಿದರು. ಸೆಕೆಂಡಿಗೆ 600 ಮಿಲಿಲೀಟರ್ ಗಾಳಿ ಎಳೆದರೆ ಮೊದಲ ಗುಂಡು ಏಳುತ್ತದೆ, 1200 ಎಳೆದರೆ ಮೂರೂ ಏಳುತ್ತವೆ; ಆದರೆ ಮೂರನ್ನು ಒಮ್ಮೆ ಚಿಮ್ಮಿಸುವುದಕ್ಕಿಂತ ಎರಡನ್ನು ನಿಧಾನವಾಗಿ ಎತ್ತಿ ಮೇಲೆಯೇ ನಿಲ್ಲಿಸಿಕೊಳ್ಳುವುದು ಮೇಲು ಎಂಬುದು ಅವರ ಪಾಠ. ಹೊಟ್ಟೆ ಕೊಯ್ದ ನೋವಿಗೆ ರೋಗಿ ಆಳವಾಗಿ ಎಳೆಯದೆ ಮೇಲುಮೇಲಕ್ಕೇ ಉಸಿರಾಡುತ್ತಾನೆ, ಶ್ವಾಸಕೋಶದ ತಳಭಾಗ ಮುದುಡಿಕೊಂಡು ಕಫ ಕಟ್ಟುತ್ತದೆ, ನ್ಯುಮೋನಿಯಾ ಬರುವುದು ಹಾಗೆ. ನೋವು ಮತ್ತು ಮಂಪರಿನಲ್ಲಿ ಹೊಸದಾಗಿ ಏನನ್ನೂ ಕಲಿಯಲಾಗದು, ಮೊದಲೇ ಕಲಿತಿರಬೇಕು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಆಸ್ಪತ್ರೆಗಳಲ್ಲಿ 441 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೇಲುಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಮುನ್ನ ಫಿಸಿಯೋಥೆರಪಿಸ್ಟ್ ಒಂದೇ ಸಲ ಅರ್ಧ ಗಂಟೆ ಕೂರಿಸಿಕೊಂಡು ಉಸಿರಿನ ವ್ಯಾಯಾಮ ಕಲಿಸಿದ್ದರಿಂದ ಶ್ವಾಸಕೋಶದ ತೊಂದರೆಗಳು ಅರ್ಧಕ್ಕೆ ಇಳಿದಿದ್ದವು. ಅದಕ್ಕೆ ಬೇಕಾಗಿದ್ದು ಯಾವ ಯಂತ್ರವೂ ಅಲ್ಲ, ತಾಳ್ಮೆಯಿಂದ ಹೇಳಿಕೊಡುವ ಒಬ್ಬರು. ಆ ಒಬ್ಬರು ಈ ಸೇವೆಯಲ್ಲಿ ಇದ್ದರು.

ಆಹಾರದ ವಿಭಾಗಕ್ಕೆ ನಾನು ಇಷ್ಟು ಅಂಕ ಕೊಡಲಾರೆ. ಕೈಗೆ ಬಂದ ಹಾಳೆ ಇಂಗ್ಲಿಷಿನಲ್ಲಿತ್ತು. ಓಟ್ಸ್, ಗ್ರೀಕ್ ಯೋಗರ್ಟ್, ಬ್ರೊಕೊಲಿ ಎಂದು ತುಂಬಿಸಿದ್ದರು. ಮುದ್ದೆ, ಉಪ್ಪೆಸರು, ಮಜ್ಜಿಗೆಯಲ್ಲಿ ಆರು ದಶಕ ಕಳೆದವರಿಗೆ ಅದನ್ನು ಓದಿ ಹೇಳುವುದೇ ನನಗೆ ನಾಚಿಕೆಯಾಯಿತು. ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು ಎಂಬ ಸೂತ್ರವನ್ನು ಹಿಡಿದು, 58 ಕಿಲೋ ತೂಗುವ ತಂದೆಯವರಿಗೆ ಕನಿಷ್ಠ 70 ಗ್ರಾಂ ಆಗಬೇಕೆಂದು ಲೆಕ್ಕ ಹಾಕಿ, ಹೆಸರುಕಾಳಿನ ಉಸಲಿ, ಬೆಳಿಗ್ಗೆ ಎರಡು ಮೊಟ್ಟೆ, ಸಂಜೆ ಒಂದು ಹಿಡಿ ಕಡಲೆಕಾಯಿಬೀಜ, ಮುದ್ದೆಯ ಜೊತೆಗೆ ಗಟ್ಟಿ ಬೇಳೆಯ ಸಾರು ಎಂದು ನನ್ನ ಹೆಂಡತಿ ಪಟ್ಟಿ ಮಾಡಿದಳು. ಆಹಾರ ತಜ್ಞೆ ಆ ಪಟ್ಟಿಯನ್ನು ನೋಡಿ ಮುದ್ದೆಯ ಗಾತ್ರವನ್ನು ಮಾತ್ರ ಕಡಿಮೆ ಮಾಡಿಸಿ, ಉಳಿದದ್ದನ್ನು ಒಪ್ಪಿದರು. ನಮ್ಮ ನಾಡಿನ ಆಸ್ಪತ್ರೆಯಲ್ಲಿ ಈ ಕೆಲಸವನ್ನು ರೋಗಿಯ ಮನೆಯವರು ಮಾಡಬೇಕಾಗಿರಲಿಲ್ಲ.

ಮನಸ್ಸಿನ ಸಿದ್ಧತೆಗೆಂದು ಆಪ್ತಸಮಾಲೋಚಕಿಯೊಬ್ಬರ ಜೊತೆ ಎರಡು ಭೇಟಿಗಳಿದ್ದವು. ನಾವು ತಂದೆಯವರ ಮುಂದೆ ಕ್ಯಾನ್ಸರ್ ಎಂಬ ಶಬ್ದವನ್ನೇ ಎತ್ತಿರಲಿಲ್ಲ, ಬರೀ ಗಂಟು ಎನ್ನುತ್ತಿದ್ದೆವು. ನಮ್ಮ ಕಡೆ ನಡೆದುಬಂದ ರೀತಿಯೇ ಅದು. ತಮ್ಮ ದೇಹಕ್ಕೆ ಏನು ಮಾಡಲಿದ್ದಾರೆಂದು ಗೊತ್ತಿಲ್ಲದವರನ್ನು ಸಿದ್ಧಪಡಿಸಲು ನನ್ನಿಂದಾಗದು ಎಂದು ಆಕೆ ನಮ್ಮನ್ನು ಹೊರಗೆ ಕರೆದು ನೇರವಾಗಿ ಹೇಳಿದರು. ಒಲ್ಲದ ಮನಸ್ಸಿನಿಂದ ಒಪ್ಪಿದೆವು. ವಿಷಯ ತಿಳಿದ ಮೇಲೆ ತಂದೆಯವರು ಕೇಳಿದ್ದು ಒಂದೇ ಪ್ರಶ್ನೆ: "ಹೊಟ್ಟೆ ಮೇಲೆ ಚೀಲ ಕಟ್ಟುತ್ತೀರೇನಮ್ಮ?" ಪಕ್ಕದ ತೋಟದವರೊಬ್ಬರು ಮಲ ತುಂಬುವ ಅಂಥ ಚೀಲ ಹೊತ್ತು ವರ್ಷಗಟ್ಟಲೆ ಮದುವೆ-ಮುಂಜಿಗೆ ಹೋಗದೆ ಇದ್ದದ್ದನ್ನು ಅವರು ನೋಡಿದ್ದರು, ಒಂದು ತಿಂಗಳಿನಿಂದ ಅವರನ್ನು ಕೊರೆಯುತ್ತಿದ್ದುದು ಅದು ಎಂದು ನಮಗೆ ಹೊಳೆದೇ ಇರಲಿಲ್ಲ. ಶಸ್ತ್ರವೈದ್ಯರನ್ನೇ ಕರೆಸಿ, ಬಲಭಾಗವನ್ನು ತೆಗೆದು ಸಣ್ಣ ಕರುಳನ್ನು ಉಳಿದ ದೊಡ್ಡ ಕರುಳಿಗೆ ಜೋಡಿಸುತ್ತಾರೆ, ಇದರಲ್ಲಿ ಚೀಲದ ಅಗತ್ಯ ಬೀಳುವುದು ಅಪರೂಪ ಎಂದು ಹಾಳೆಯ ಮೇಲೆ ಚಿತ್ರ ಬರೆಸಿ ತೋರಿಸಿದರು. ಆ ರಾತ್ರಿ ತಂದೆಯವರು ನಿದ್ದೆ ಮಾಡಿದರು. ಎಚ್ಚರವಾದಾಗ ಮೂತ್ರದ ನಳಿಗೆ, ಕೈಗೆ ಡ್ರಿಪ್, ಮೂಗಿಗೆ ಆಮ್ಲಜನಕ ಇರುತ್ತದೆಂದೂ, ವಯಸ್ಸಾದವರಿಗೆ ಅರಿವಳಿಕೆಯ ನಂತರ ಗೊಂದಲ ಹೆಚ್ಚಾಗದಂತೆ ಕನ್ನಡಕವನ್ನು ಬೇಗ ಕೊಡಬೇಕೆಂದೂ ಮೊದಲೇ ಹೇಳಿದ್ದು ಆಮೇಲೆ ನಿಜಕ್ಕೂ ನೆರವಿಗೆ ಬಂತು.

ನನ್ನ ದೊಡ್ಡ ದೂರು ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯದು. ಗಟ್ಟಿ ಆಹಾರವನ್ನು ಆರು ಗಂಟೆ ಮುಂಚೆ ನಿಲ್ಲಿಸಿ, ನೀರು ಮತ್ತು ಹಾಲಿಲ್ಲದ ಚಹಾವನ್ನು ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು ಎಂದು ಅರಿವಳಿಕೆ ತಜ್ಞೆ ಬರೆದುಕೊಟ್ಟಿದ್ದರು. ವಾರ್ಡಿನಲ್ಲಿ ಮಾತ್ರ ರಾತ್ರಿ ಹತ್ತರ ಮೇಲೆ ಗುಟುಕು ನೀರೂ ಕೂಡದೆಂದರು. ಚೀಟಿ ತೋರಿಸಿದರೆ, ಇಲ್ಲಿಯ ಪದ್ಧತಿ ಇದು ಎಂಬ ಉತ್ತರ ಬಂತು. ಬೆಳಿಗ್ಗೆ ಎಂಟರ ಆಪರೇಷನ್ ಮಧ್ಯಾಹ್ನ ಹನ್ನೆರಡೂವರೆಗೆ ಮುಂದೆ ಹೋಯಿತು. ನಾಲ್ಕು ವಾರ ಕಷ್ಟಪಟ್ಟು ಕಟ್ಟಿದ ಶರೀರವನ್ನು ಹದಿನಾಲ್ಕೂವರೆ ಗಂಟೆ ಬಾಯಾರಿಸಿ ಒಳಗೆ ಕಳುಹಿಸಿದಂತಾಯಿತು. ಪ್ರಿಹ್ಯಾಬ್ ಎರಡನೆಯ ಮಹಡಿಯಲ್ಲಿ, ವಾರ್ಡು ಐದನೆಯದರಲ್ಲಿ. ನಡುವೆ ಒಂದು ಫೋನ್ ಕರೆ ಹೋಗಲಿಲ್ಲ.

ಶಸ್ತ್ರಚಿಕಿತ್ಸೆಯ ಮರುದಿನವೇ ತಂದೆಯವರು ಓಣಿಯಲ್ಲಿ ನಡೆದರು, ಆರನೆಯ ದಿನ ಮನೆಗೆ ಬಂದರು, ಕಫದ ತೊಂದರೆಯಾಗಲಿಲ್ಲ. ಇದೆಲ್ಲವೂ ಪ್ರಿಹ್ಯಾಬಿನ ಫಲವೆಂದು ಆಣೆಯಿಟ್ಟು ಹೇಳಲಾರೆ, ಸಣ್ಣ ರಂಧ್ರಗಳ ಮೂಲಕ ಮಾಡುವ ಕೀಹೋಲ್ ವಿಧಾನ ಮತ್ತು ಶಸ್ತ್ರವೈದ್ಯರ ಕೈಗುಣದ ಪಾಲೂ ಇದೆ. ಡ್ರಿಪ್ ಮತ್ತು ರಕ್ತಪರೀಕ್ಷೆ ಬಿಟ್ಟು ನಾಲ್ಕು ವಾರಕ್ಕೆ 6,500 ರೂಪಾಯಿ ತೆಗೆದುಕೊಂಡರು. ವಿಮೆಯವರು ದಾಖಲಾತಿಗೆ ಮುಂಚಿನ ಖರ್ಚೆಂದು ಪರೀಕ್ಷೆ ಮತ್ತು ಡ್ರಿಪ್ಪಿನ ಹಣ ಕೊಟ್ಟರು, ವ್ಯಾಯಾಮ ಮತ್ತು ಸಮಾಲೋಚನೆಯದನ್ನು ಕೊಡಲಿಲ್ಲ. ನಾಲ್ಕು ಭೇಟಿಗಳಲ್ಲಿ ಎರಡನ್ನು ವೀಡಿಯೊ ಕರೆಯಲ್ಲಿ ಮುಗಿಸಿದ್ದರಿಂದ ಊರಿನಿಂದ ಓಡಾಡುವುದು ಅರ್ಧ ತಪ್ಪಿತು. ಆದರೆ ಮನೆಯಲ್ಲಿ ಸ್ಮಾರ್ಟ್‌ಫೋನ್ ಹಿಡಿದು ಪಕ್ಕದಲ್ಲಿ ಕೂರುವವರು ಒಬ್ಬರಾದರೂ ಇರಬೇಕು. ಸೇರುವವರು ಮೊದಲ ದಿನವೇ ಕನ್ನಡದ ಹಾಳೆ ಕೇಳಿ, ನೀರು ಕುಡಿಯುವ ಸಮಯವನ್ನು ವಾರ್ಡಿನ ಕೇಸ್‌ಶೀಟಿನಲ್ಲಿಯೇ ಬರೆಸಿ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು.