ಮಂಡಿಪೇಟೆಯ ಹಳೆಯ ತಾರಸಿ: ಹೊದಿಕೆಯೋ, ಕಿತ್ತು ಹೊಸದೋ?

ದಾವಣಗೆರೆಯ ಮಂಡಿಪೇಟೆಯಲ್ಲಿರುವ ನಮ್ಮ ಮಳಿಗೆಯ ತಾರಸಿ ಸೋರತೊಡಗಿದಾಗ, ಮೊದಲು ಬಂದ ಗುತ್ತಿಗೆದಾರರು ಮೇಲೆ ಹತ್ತಿ ನೋಡದೆಯೇ ಡಾಂಬರು ಶೀಟು ಹೊದಿಸುವ ದರ ಹೇಳಿದ್ದರು. ಆಮೇಲೆ ಕರೆಸಿದ ವಾಟರ್‌ಪ್ರೂಫಿಂಗ್ ತಂಡದವರು ಹಾಗೆ ಮಾಡಲಿಲ್ಲ. ಸುತ್ತಿಗೆಯಿಂದ ತಾರಸಿಯನ್ನು ಅಡಿಯಡಿಗೂ ತಟ್ಟಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿದರು. ಒಂದು ಕಡೆ ಗಾರೆ ಅಗೆದಾಗ, ಅದೂ ಕಡುಬೇಸಿಗೆಯಲ್ಲಿ, ಸ್ಲ್ಯಾಬಿನ ಮೇಲೆ ಹಾಸಿದ್ದ ಇಟ್ಟಿಗೆ ಚೂರು ಹಸಿಯಾಗಿಯೇ ಇತ್ತು. ಒಳಗೆ ನೀರು ಉಳಿದಿರುವಾಗ ಶೀಟು ಹೊದಿಸಿದರೆ ಬಿಸಿಲಿಗೆ ಆ ತೇವ ಆವಿಯಾಗಿ ಶೀಟು ಗುಳ್ಳೆ ಎದ್ದು ಹರಿಯುತ್ತದೆಂದೂ, 10 ಸೆಂ.ಮೀ. ದಪ್ಪದ ಚೂರಿನ ಹಾಸೇ ಚದರ ಮೀಟರಿಗೆ ಸುಮಾರು 200 ಕಿಲೋ ತೂಗುವುದರಿಂದ ಅದರ ಮೇಲೆ ಇನ್ನೊಂದು ಗಾರೆ ಸುರಿಯುವುದು ಸ್ಲ್ಯಾಬಿಗೆ ಹೊರೆಯೆಂದೂ ವಿವರಿಸಿದರು. ಹಾಸು ಒಣಗಿದ್ದು, ಬಿರುಕು ಅಲ್ಲಲ್ಲಿ ಮಾತ್ರ ಇದ್ದಿದ್ದರೆ ಹೊದಿಕೆಯೇ ಸಾಕಾಗುತ್ತಿತ್ತಂತೆ. ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದಿರದ ಕಾರಣ ಸ್ಲ್ಯಾಬನ್ನು ಉಳಿಸಿ, ಹಾಸನ್ನಷ್ಟೇ ಕಿತ್ತು, 100ಕ್ಕೆ 1ರ (100 ಅಡಿ ಉದ್ದಕ್ಕೆ 1 ಅಡಿ) ಇಳಿಜಾರು ಕೊಟ್ಟು ಹೊಸದಾಗಿ ಮಾಡಿದರು. ತಾರಸಿಯ ಮೇಲೆ ನೀರು ನಿಲ್ಲಿಸಿ, ಸೋರುತ್ತದೆಯೇ ಎಂದು ಪರೀಕ್ಷಿಸಿದ ಬಳಿಕವೇ ಕೊನೆಯ ಕಂತು ಕೇಳಿದ್ದು ಮೆಚ್ಚುವಂಥದ್ದು. ದರ ದುಬಾರಿಯೇ, ಅದಕ್ಕಿಂತ ಹೆಚ್ಚಾಗಿ, ಕಿತ್ತ ಚೂರನ್ನು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆಯನ್ನು ಅಂದಾಜಿನಲ್ಲಿ ಸೇರಿಸದೆ ಆಮೇಲೆ ಕೇಳಿದ್ದು ಸರಿಯಲ್ಲ. ಇವರಿಂದ ಕೆಲಸ ಮಾಡಿಸುವವರು ಅದನ್ನು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.